ನೀರಿನಲ್ಲಿ ವ್ಯಾಯಾಮ ಮಾಡಿದರೆ ಅಮ್ಮನ ಮರೆವು ಕಡಿಮೆಯಾಗುತ್ತದೆಯೇ?

ನಿಮ್ಮ ತಾಯಿಯವರಿಗೆ ಮೊದಲಿಂದಲೂ ಮಂಡಿನೋವು, ಈಗೀಗ ಮರೆವೂ ಶುರುವಾಗಿದೆ, ನೀರಿನ ವ್ಯಾಯಾಮದಿಂದ ನೆನಪು ಚುರುಕಾಗುತ್ತದಂತೆ, ನಿಜವೇ ಎಂದು ಕೇಳಿದ್ದೀರಿ. ವಯಸ್ಸಾದವರಿಗೆ ಈಜುಕೊಳದಲ್ಲಿ ವ್ಯಾಯಾಮ ಮಾಡಿಸುವುದೇ ನನ್ನ ಕೆಲಸ. ಆದರೂ ನೀರಿಗೆ ಅಂಥ ಮಾಯೆಯೇನೂ ಇಲ್ಲ ಅಂತಲೇ ಹೇಳುತ್ತೇನೆ. ಉಪಯೋಗವಂತೂ ಇದೆ.

ಎದೆಮಟ್ಟದ ನೀರಿನಲ್ಲಿ ನಿಂತರೆ ನೀರಿನ ಒತ್ತಡಕ್ಕೆ ಕಾಲು, ಹೊಟ್ಟೆಯ ಭಾಗದ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಂತ ಯುವಕರನ್ನು ಹೀಗೆ ನಿಲ್ಲಿಸಿ ಅಳೆದರು. ಮಿದುಳಿನ ಒಂದು ಮುಖ್ಯ ಧಮನಿಯಲ್ಲಿ ರಕ್ತ ಹರಿಯುವ ವೇಗ ಸುಮಾರು ಶೇ. 14ರಷ್ಟು ಏರಿತ್ತು. ಜನ ಹಿಡಿದುಕೊಂಡಿರುವುದು ಇಂಥ ಸುದ್ದಿಗಳನ್ನೇ. ಆದರೆ ಅದು ನೀರಿನಲ್ಲಿದ್ದಷ್ಟು ಹೊತ್ತಿನ ಅಳತೆ. ರಕ್ತ ಜೋರಾಗಿ ಹರಿದ ಮಾತ್ರಕ್ಕೆ ಮರೆತ ಹೆಸರು ನೆನಪಾಗುವುದಿಲ್ಲ.

ನೆನಪಿನ ಬಗ್ಗೆ ಹೆಚ್ಚು ಹೆಸರಾದ ಅಧ್ಯಯನ ನಡಿಗೆಯದು. ಅಮೆರಿಕದಲ್ಲಿ 120 ಹಿರಿಯರ ಮೇಲೆ ಒಂದು ವರ್ಷ ನಡೆದು 2011ರಲ್ಲಿ ಪ್ರಕಟವಾಯಿತು. ಚುರುಕಾಗಿ ನಡೆದವರಲ್ಲಿ ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಶೇ. 2ರಷ್ಟು ಹಿಗ್ಗಿತ್ತು, ಬರೀ ಮೈ ಎಳೆದು ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ಇಷ್ಟಕ್ಕೇ ಹಿಗ್ಗಬೇಡಿ. 2015ರಲ್ಲಿ ಬಂದ, 1,635 ಹಿರಿಯರ ಎರಡು ವರ್ಷದ ಅಧ್ಯಯನದಲ್ಲಿ ವ್ಯಾಯಾಮದಿಂದ ಬುದ್ಧಿಶಕ್ತಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಹಾಗಾದರೆ ನೀರು ಯಾಕೆ? ಮಂಡಿಗಾಗಿ. ಎದೆಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವುದು ದೇಹದ ತೂಕದ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ನೆಲದ ಮೇಲೆ ಹತ್ತು ನಿಮಿಷ ನಡೆಯಲಾಗದವರು ಇಲ್ಲಿ ಏದುಸಿರು ಬರುವಷ್ಟು ಕೈಕಾಲು ಆಡಿಸಬಲ್ಲರು. ಈಜು ಬರಬೇಕೆಂದೇನಿಲ್ಲ. ನೀರಿನಲ್ಲಿ ಎದೆಬಡಿತ ಕೊಂಚ ಕಡಿಮೆಯೇ ಇರುವುದರಿಂದ ನಾಡಿ ಎಣಿಸುತ್ತಾ ಕೂರಬೇಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ಮಟ್ಟ ಸಾಕು. ನಾನಂತೂ ಒಂದೇ ಹೆಜ್ಜೆ ಮಾಡಿಸುವುದಿಲ್ಲ: ಅಡ್ಡ ನಡೆ, ಹಿಂದಕ್ಕೆ ನಡೆ, ಜೊತೆಗೆ ನೂರರಿಂದ ಹಿಂದಕ್ಕೆ ಎಣಿಕೆ. ಅಜ್ಜಿಯಂದಿರು ಬೈಯುತ್ತಲೇ ಎಣಿಸುತ್ತಾರೆ.

ಹೃದಯ ದುರ್ಬಲವಾಗಿದ್ದರೆ, ಫಿಟ್ಸ್ ಇದ್ದರೆ ವೈದ್ಯರನ್ನು ಕೇಳದೆ ಇಳಿಸಬೇಡಿ. ಅಷ್ಟೇ ಅಲ್ಲ, ಮರೆವು ಹೊಸದಾಗಿ ಬಂದಿದೆ ಅಂದಿರಲ್ಲ, ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮೊದಲು ಮಾಡಿಸಿ. ಅವುಗಳ ಕೊರತೆಯಿಂದ ಬಂದ ಮರೆವಾದರೆ ಅದಕ್ಕೆ ಬೇಕಾದದ್ದು ಔಷಧಿ.