ಬಂಗಡೆ ತಿಂದೇ ಬೆಳೆದ ಬೆಕ್ಕಿಗೆ ಈಗ ತುರಿಕೆ ಯಾಕೆ?

ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮ ಬೆಕ್ಕಿಗೆ ಐದು ವರ್ಷ. ಮರಿ ಇದ್ದಾಗಿನಿಂದ ಬಂಗಡೆ, ತಾರ್ಲೆ ಮೀನು ಬೇಯಿಸಿ ಅನ್ನಕ್ಕೆ ಕಲಸಿ ಹಾಕುತ್ತಿದ್ದೇವೆ. ಒಂದು ವರ್ಷದಿಂದ ಕಿವಿಯ ಮುಂದೆ, ಕುತ್ತಿಗೆಯಲ್ಲಿ ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತಿದೆ. ಇಂಜೆಕ್ಷನ್ ಹಾಕಿಸಿದರೆ ಒಂದು ತಿಂಗಳು ಆರಾಮ, ಆಮೇಲೆ ಮತ್ತೆ ಶುರು. ಈ ಸಲ ಮಳೆಗಾಲದಲ್ಲಿ ಟ್ರಾಲರ್ ದೋಣಿಗಳ ಮೀನುಗಾರಿಕೆ ಬಂದ್ ಆಗಿ ಮೀನು ಸಿಗದಿದ್ದಾಗ ಕೋಳಿ, ಅನ್ನ ಹಾಕಿದೆವು. ಆಗ ತುರಿಕೆ ತುಂಬಾ ಕಡಿಮೆ ಇತ್ತು. ಆಗಸ್ಟ್‌ನಲ್ಲಿ ಮೀನು ಬಂತು, ತುರಿಕೆಯೂ ಬಂತು. ಹುಟ್ಟಿದಾಗಿನಿಂದ ತಿಂದ ಮೀನೇ ಅಲರ್ಜಿ ಆಗುತ್ತದೆಯೇ?
(ಕೋಡಿಬಾಗ, ಕಾರವಾರ)

ಉತ್ತರ: ಆಗುತ್ತದೆ. ಹೊಸದಾಗಿ ತಿಂದದ್ದಕ್ಕೇ ಅಲರ್ಜಿ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆಹಾರದ ಅಲರ್ಜಿ ಬರುವುದು ಹೆಚ್ಚಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಂದ ಪದಾರ್ಥಕ್ಕೆ. ಮೈಯ ಕಾವಲು ವ್ಯವಸ್ಥೆ ಆ ಮೀನಿನ ಪ್ರೋಟೀನನ್ನು ದಿನಾ ನೋಡುತ್ತಾ ನೋಡುತ್ತಾ, ಒಂದು ದಿನ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತದೆ. ಬೆಕ್ಕುಗಳಲ್ಲಿ ಹೆಚ್ಚು ಕಾಣಿಸುವ ಆಹಾರದ ಅಲರ್ಜಿ ದನದ ಮಾಂಸ, ಮೀನು ಮತ್ತು ಕೋಳಿಯದ್ದು. ನಮ್ಮ ಕರಾವಳಿಯಲ್ಲಿ ಬೆಕ್ಕಿನ ಊಟ ಅಂದರೆ ಮೀನು. ಹಾಗಾಗಿ ನನ್ನ ಮೊದಲ ಅನುಮಾನವೂ ಮೀನಿನ ಮೇಲೆಯೇ.

ನೀವು ಗಮನಿಸಿದ್ದು ಬಹಳ ದೊಡ್ಡ ಸುಳಿವು. ಟ್ರಾಲರ್ ನಿಷೇಧ ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ. ಚರ್ಮದ ಅಲರ್ಜಿ ಇರುವ ಬೆಕ್ಕಿಗೆ ಅನುಮಾನದ ಆಹಾರ ಬಿಡಿಸಿ ನಾವು ಮಾಡಿಸುವ ಪಥ್ಯದ ಪರೀಕ್ಷೆ 8 ವಾರ, ಅಂದರೆ 56 ದಿನ. ನಿಮಗೆ ಗೊತ್ತಿಲ್ಲದೆಯೇ ನೀವು ಒಂದು ಪರೀಕ್ಷೆ ಮಾಡಿ ಮುಗಿಸಿದ್ದೀರಿ! ಇನ್ನೊಂದು ವಿಷಯವೂ ಇದೆ. ಮಳೆಗಾಲದ ತೇವಕ್ಕೆ ಚಿಗಟ ಜಾಸ್ತಿಯಾಗುತ್ತದೆ. ತುರಿಕೆ ಬರೀ ಚಿಗಟದ್ದಾಗಿದ್ದರೆ ಜೂನ್, ಜುಲೈನಲ್ಲಿ ಹೆಚ್ಚಬೇಕಿತ್ತು. ನಿಮ್ಮಲ್ಲಿ ಇಳಿದಿದೆ.

ಆದರೂ ಎರಡು ವಿಷಯ ನೋಡಿಕೊಳ್ಳಿ. ಆ ಇಂಜೆಕ್ಷನ್ ಹಾಕಿಸಿದ್ದು ಯಾವಾಗ? ಒಂದು ತಿಂಗಳು ಆರಾಮ ಕೊಡುತ್ತದೆ ಅಂದರೆ ಅದು ಬಹುಶಃ ಬಹಳ ದಿನ ಕೆಲಸ ಮಾಡುವ ಸ್ಟಿರಾಯ್ಡ್. ಮೇ ಕೊನೆಗೋ ಜೂನ್‌ನಲ್ಲೋ ಹಾಕಿಸಿದ್ದರೆ ತುರಿಕೆ ಇಳಿದದ್ದು ಔಷಧದಿಂದ ಇರಬಹುದು, ಮೀನು ಬಿಟ್ಟದ್ದರಿಂದ ಅಲ್ಲ. ಆಸ್ಪತ್ರೆಯ ಚೀಟಿ ಹುಡುಕಿ ತಾರೀಕು ನೋಡಿ. ಪದೇ ಪದೇ ಸ್ಟಿರಾಯ್ಡ್ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಅಪಾಯವೂ ಇದೆ. ಅದಕ್ಕೇ ಕಾರಣ ಹುಡುಕಲು ಇಷ್ಟು ಒದ್ದಾಡುವುದು.

ಎರಡನೆಯದು ಚಿಗಟ. ಬೆಕ್ಕಿನ ತುರಿಕೆಗೆ ಅತಿ ಸಾಮಾನ್ಯ ಕಾರಣ ಚಿಗಟವೇ, ಆಹಾರ ಅದರ ನಂತರ. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ ತೆಗೆದುಕೊಂಡು ಬಾಲದ ಬುಡದಲ್ಲಿ, ಬೆನ್ನಿನ ಮೇಲೆ ಬಾಚಿ. ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ ಎರಡು ನಿಮಿಷ ಬಿಡಿ. ಸುತ್ತ ತುಕ್ಕಿನ ಹಾಗೆ ಕೆಂಪು ಬಿಟ್ಟರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಅದರಲ್ಲಿರುವುದು ನಿಮ್ಮ ಬೆಕ್ಕಿನದೇ ರಕ್ತ. ಏನೂ ಸಿಗದಿದ್ದರೂ ಪರೀಕ್ಷೆಯ ಎಂಟು ವಾರ ಪೂರ್ತಿ ಚಿಗಟದ ಔಷಧ ಹಾಕಿಸಿ, ಯಾಕೆಂದರೆ ಬೆಕ್ಕು ನೆಕ್ಕಿ ನೆಕ್ಕಿ ಚಿಗಟವನ್ನು ನುಂಗಿಬಿಡುತ್ತದೆ, ನಮಗೆ ಕಾಣುವುದೇ ಇಲ್ಲ. ಔಷಧ ಬೆಕ್ಕಿನದೇ ಇರಲಿ. ನಾಯಿಗೆ ತಂದ ಹನಿ ಮದ್ದನ್ನು ದಯವಿಟ್ಟು ಬೆಕ್ಕಿಗೆ ಹಾಕಬೇಡಿ. ಅಂಥ ಹಲವು ಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ. ನಡುಗುತ್ತಾ, ಫಿಟ್ಸ್ ಬಂದು ಜೀವವೇ ಹೋಗಬಹುದು.

ಇನ್ನು ಊಟ. ಮೀನು, ಕೋಳಿ ಎರಡನ್ನೂ ಮೊದಲಿನಿಂದ ತಿಂದ ಬೆಕ್ಕಾದರೆ ಅದು ಎಂದೂ ತಿನ್ನದ ಮಾಂಸ ಹುಡುಕಬೇಕು. ನಮ್ಮ ಕಡೆ ಆಡಿನ ಮಾಂಸ ಅಥವಾ ಹಂದಿ ಮಾಂಸ ಆಗಬಹುದು. ನಿಮ್ಮ ಬೆಕ್ಕು ಎರಡು ತಿಂಗಳು ಕೋಳಿ ತಿಂದೂ ಆರಾಮಾಗಿತ್ತು. ಹಾಗಾಗಿ ಇಂಜೆಕ್ಷನ್ ತಾರೀಕು ಅಡ್ಡ ಬರದಿದ್ದರೆ ಕೋಳಿಯಿಂದಲೇ ಶುರು ಮಾಡಿ. ಇಂಜೆಕ್ಷನ್ ಆ ದಿನಗಳಲ್ಲೇ ಆಗಿತ್ತು ಅಂತಾದರೆ ಕೋಳಿಯನ್ನು ನಂಬುವ ಹಾಗಿಲ್ಲ, ಆಡಿನ ಮಾಂಸಕ್ಕೆ ಹೋಗಿ.

ಮೂಳೆ ಇಲ್ಲದ ಮಾಂಸವನ್ನು ಸಣ್ಣಗೆ ಹೆಚ್ಚಿ, ಸ್ವಲ್ಪವೇ ನೀರಿನಲ್ಲಿ ಬೇಯಿಸಿ. ಆ ನೀರನ್ನು ಚೆಲ್ಲಬೇಡಿ. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಅಂಶ ಬೇಯುವಾಗ ನೀರಿಗೆ ಇಳಿಯುತ್ತದೆ, ಮಾಂಸದ ಜೊತೆ ಅದನ್ನೂ ಸುರಿಯಿರಿ. ಅನ್ನ ಎರಡು ಚಮಚ ಸಾಕು. ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರಿನಲ್ಲಿ ಬೆಂದ ತುಂಡನ್ನು ತೊಳೆದು ಕೊಟ್ಟರೂ ಆ ಅಂಶ ಉಳಿದಿರುತ್ತದೆ. 4 ಕೆಜಿ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. ಬೇಯಿಸಿದ ಮಾಂಸದ ಲೆಕ್ಕದಲ್ಲಿ 130ರಿಂದ 150 ಗ್ರಾಂ. ವಾರಕ್ಕೊಮ್ಮೆ ತೂಕ ನೋಡಿ.

ಇಂಥ ಊಟ ದೊಡ್ಡ, ಆರೋಗ್ಯವಂತ ಬೆಕ್ಕಿಗೆ ಎಂಟು ವಾರಕ್ಕೆ ಸಾಕು, ವರ್ಷಗಟ್ಟಲೆಗೆ ಸಾಲದು. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಮರಿಗಳಿಗಂತೂ ಹೀಗೆ ಮಾಡಲೇಬೇಡಿ. ಖರ್ಚು ಭರಿಸಲು ಆಗುತ್ತದೆ ಅಂದರೆ ಪಶುವೈದ್ಯರು ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ ಇನ್ನೂ ಒಳ್ಳೆಯದು. ಅದರಲ್ಲಿ ಪ್ರೋಟೀನನ್ನು ಎಷ್ಟು ಚೂರು ಮಾಡಿರುತ್ತಾರೆ ಅಂದರೆ ಮೈಗೆ ಅದರ ಗುರುತೇ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ಯಾಕೆಟ್‌ನಿಂದ ಈ ಪರೀಕ್ಷೆ ಆಗುವುದಿಲ್ಲ. ಮುಂದೆ ಕೋಳಿಯ ಚಿತ್ರ ಇರುತ್ತದೆ, ಹಿಂದಿನ ಸಣ್ಣ ಅಕ್ಷರ ಓದಿದರೆ ಮೀನಿನ ಪುಡಿ, ಮೀನೆಣ್ಣೆ ಎರಡೂ ಇರಬಹುದು.

ಎಲ್ಲಕ್ಕಿಂತ ಕಷ್ಟದ್ದು ಈಗ ಹೇಳುವುದು. ನಾನು ನೋಡಿದ ಹೆಚ್ಚಿನ ಪಥ್ಯಗಳು ಕೆಟ್ಟದ್ದು ಇಲ್ಲೇ. ಮನೆಯವರು ಕಟ್ಟುನಿಟ್ಟಾಗಿ ಕೋಳಿ ಹಾಕುತ್ತಾರೆ. ಹನ್ನೊಂದು ಗಂಟೆಗೆ ಪಕ್ಕದ ಮನೆಯಲ್ಲಿ ಮೀನು ಕೊಯ್ಯಲು ಕೂರುತ್ತಾರೆ. ಬೆಕ್ಕು ಕತ್ತಿಯ ಎದುರು ಹಾಜರು. ತಲೆ, ಕರುಳು ಅದರ ಪಾಲಿಗೆ. ನಮ್ಮದೇ ಮನೆಯಲ್ಲಿ ಮೀನು ತೊಳೆದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತೇವಲ್ಲ, ಆ ಒದ್ದೆ ಮಣ್ಣನ್ನೂ ನೆಕ್ಕಿ ಬರುತ್ತದೆ. ಅಷ್ಟು ಸಾಕು ಪರೀಕ್ಷೆ ಹಾಳಾಗಲು. ಆದಷ್ಟು ಒಳಗೇ ಇಟ್ಟುಕೊಳ್ಳಿ. ಅಕ್ಕಪಕ್ಕದವರಿಗೆ ಹೇಳಿ ಇಡಿ: "ಅಕ್ಕಾ, ಎರಡು ತಿಂಗಳು ಇದಕ್ಕೆ ಒಂದು ಚೂರೂ ಹಾಕಬೇಡಿ, ಔಷಧ ನಡೀತಾ ಉಂಟು." ಔಷಧ ಅಂದರೆ ಜನ ಕೇಳುತ್ತಾರೆ, ಪಥ್ಯ ಅಂದರೆ ಪಾಪ ಅಂತ ಕದ್ದು ಹಾಕುತ್ತಾರೆ. ಮಕ್ಕಳ ತಟ್ಟೆ, ಅಟ್ಟದ ಒಣಮೀನಿನ ಡಬ್ಬಿ, ಎರಡರ ಮೇಲೂ ಕಣ್ಣಿರಲಿ.

ಎಂಟು ವಾರಕ್ಕೆ ತುರಿಕೆ ನಿಂತಿತು ಅಂತಿಟ್ಟುಕೊಳ್ಳಿ. ಅಲ್ಲಿಗೆ ಮುಗಿಯಲಿಲ್ಲ. ಈಗ ದಿನಕ್ಕೊಂದು ಸಣ್ಣ ತುಂಡು ಬಂಗಡೆ ಕೊಟ್ಟು ಎರಡು ವಾರದ ತನಕ ನೋಡಬೇಕು. ಮೀನೇ ಕಾರಣವಾದರೆ ಸಾಧಾರಣವಾಗಿ ಕೆಲವೇ ದಿನಗಳಲ್ಲಿ ಕೆರೆತ ಶುರುವಾಗುತ್ತದೆ. ಶುರುವಾದ ಕೂಡಲೇ ನಿಲ್ಲಿಸಿ. ಆರಾಮಾದ ಪ್ರಾಣಿಗೆ ಯಾಕೆ ಮತ್ತೆ ಕಷ್ಟ ಅಂತ ಅನಿಸುತ್ತದೆ, ಅಲ್ವಾ? ಆದರೆ ಇದೊಂದು ಹೆಜ್ಜೆ ಬಿಟ್ಟರೆ ನೀವು ಜೀವಮಾನವಿಡೀ ಅನುಮಾನದ ಮೇಲೆ ಪಥ್ಯ ಮಾಡಿಸುತ್ತೀರಿ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೇ ಅಂತ ಬಹಳ ಜನ ಕೇಳುತ್ತಾರೆ. ಬೆಕ್ಕಿನ ಆಹಾರದ ಅಲರ್ಜಿಗೆ ಅದನ್ನು ನಂಬುವಂತಿಲ್ಲ. ಸುಮ್ನೆ ದುಡ್ಡು ಹಾಕಬೇಡಿ.

ಮೀನು ಆಗುವುದಿಲ್ಲ ಅಂತ ಖಚಿತವಾದರೆ ಬಂಗಡೆ ಬಿಟ್ಟು ಇಸ್ವಣದಂಥ ಬೇರೆ ಮೀನು ಹಾಕಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಮೀನು ಮೀನಿನ ನಡುವೆ ಪ್ರೋಟೀನ್ ಬಹಳ ಹತ್ತಿರದ್ದು. ಮೀನು ತಿಂದು ಆರಾಮಾಗಿರುವ ಬೆಕ್ಕಿಗೂ ಬರೀ ಮೀನೇ ಊಟ ಆಗಬಾರದು ಅಂತ ಈ ನೆಪದಲ್ಲಿ ಹೇಳಿಬಿಡುತ್ತೇನೆ. ಕೆಲವು ಹಸಿ ಮೀನಿನಲ್ಲಿ ಬಿ1 ವಿಟಮಿನ್ ನಾಶ ಮಾಡುವ ಅಂಶ ಇರುತ್ತದೆ. ಬೇಯಿಸಿದರೆ ಅದು ಹೋಗುತ್ತದೆ. ಎಣ್ಣೆ ಮೀನೇ ತಿಂದರೆ ಇ ವಿಟಮಿನ್ ಸಾಲದೆ ಚರ್ಮದ ಕೆಳಗಿನ ಕೊಬ್ಬು ಉರಿದು, ಮುಟ್ಟಿದರೂ ನೋವಾಗುವ ಕಾಯಿಲೆ ಬರಬಹುದು.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಅಡಿಕೆ ಮೂಟೆಗೆ ಇಲಿ ಕಾಟ ಅಂತ ಬೆಕ್ಕಿನ ಮರಿ ತಂದೆವು. ಹಾಲನ್ನ ಹಾಕಿದರೆ ಭೇದಿ ಮಾಡುತ್ತದೆ. ಹಾಲು ಅಲರ್ಜಿಯೇ? ಮಾಂಸ ಮನೆಗೆ ತರದೆ ಬೆಕ್ಕು ಸಾಕಲು ಬರುವುದಿಲ್ಲವೇ?
(ಶಿರಸಿ ಹತ್ತಿರದ ಹಳ್ಳಿ)

ಉತ್ತರ: ಹೆಚ್ಚಾಗಿ ಇದು ಅಲರ್ಜಿ ಅಲ್ಲ. ತಾಯಿ ಹಾಲು ಬಿಟ್ಟ ಮೇಲೆ ಬೆಕ್ಕಿನ ಕರುಳಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಇಳಿಯುತ್ತದೆ. ಅರಗದ ಹಾಲು ಭೇದಿಯಾಗಿ ಹೋಗುತ್ತದೆ. ಹಾಲು ನಿಲ್ಲಿಸಿ, ನೀರಿಡಿ. ಎರಡು ಮೂರು ದಿನಕ್ಕೆ ಹೊಟ್ಟೆ ಸರಿಯಾಗದಿದ್ದರೆ ಜಂತುಹುಳು ಇರಬಹುದು, ಮರಿಗಳಲ್ಲಿ ಅದು ಸಾಮಾನ್ಯ. ತೋರಿಸಿ ಮದ್ದು ಕೊಡಿಸಿ.

ಸಸ್ಯಾಹಾರದ ಮಾತಿಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಾಲನ್ನ, ಮೊಸರನ್ನದಲ್ಲಿ ಬೆಕ್ಕು ಬದುಕುವುದಿಲ್ಲ. ಬದುಕಿದ ಹಾಗೆ ಕಂಡರೆ ಅದು ಅಟ್ಟದ ಮೇಲಿನ ಇಲಿಯಿಂದ. ನಾಯಿ ತನಗೆ ಬೇಕಾದ ಟಾರಿನನ್ನು ಬಹುಮಟ್ಟಿಗೆ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಆ ಶಕ್ತಿ ಸಾಲದು. ಅದು ಮಾಂಸದಿಂದಲೇ ಬರಬೇಕು. 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು: ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳಿಗೆ ಕೊರತೆ ಇದ್ದದ್ದು ಟಾರಿನ್, ಅದನ್ನು ಕೊಟ್ಟಾಗ ಹೃದಯ ಮತ್ತೆ ಸುಧಾರಿಸಿತು. ಅದೇ ಕೊರತೆಯಿಂದ ಕಣ್ಣಿನ ಪರದೆ ಹಾಳಾದರೆ ಮಾತ್ರ ದೃಷ್ಟಿ ವಾಪಸ್ ಬರುವುದಿಲ್ಲ. ಎ ವಿಟಮಿನ್ ಕಥೆಯೂ ಹೀಗೆಯೇ. ಕ್ಯಾರೆಟ್‌ನಿಂದ ಅದನ್ನು ಮಾಡಿಕೊಳ್ಳಲು ಬೆಕ್ಕಿಗೆ ಬರುವುದಿಲ್ಲ.

ಅಡುಗೆಮನೆಗೆ ಮಾಂಸ ತರಬೇಕಾಗಿಲ್ಲ. ನಿಮ್ಮ ಕಡೆಯ ಹಲವು ಮನೆಯವರು ಮಾಡುವುದನ್ನು ಹೇಳುತ್ತೇನೆ. ಬೆಕ್ಕಿನ ಮರಿಗೆಂದೇ ಬರುವ ಒಣ ಆಹಾರದ ಪ್ಯಾಕೆಟ್ ತಂದು, ಕೊಟ್ಟಿಗೆಯಲ್ಲೋ ಹಿಂದಿನ ಜಗಲಿಯಲ್ಲೋ ಬೇರೆ ಡಬ್ಬಿ, ಬೇರೆ ತಟ್ಟೆ ಇಟ್ಟುಬಿಡಿ. ಪ್ಯಾಕೆಟ್ ಮೇಲೆ ಅದು ಸಂಪೂರ್ಣ ಆಹಾರ ಅಂತ ಬರೆದಿರಬೇಕು, ಬರೀ ತಿಂಡಿಯ ಪ್ಯಾಕೆಟ್ ಆಗಬಾರದು. ನಾಯಿಯ ಆಹಾರ ಹಾಕಬೇಡಿ. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯುವುದಿಲ್ಲ ಅನ್ನುವ ಮಾತು ನಂಬಬೇಡಿ, ಬೇಟೆ ಅದರ ಹುಟ್ಟುಗುಣ. ಇಲಿ ಪಾಷಾಣ ಮಾತ್ರ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ವಿಷ ಏರುತ್ತದೆ.

ಪ್ರಶ್ನೆ: ಅಲರ್ಜಿಗೆ ಅಂತ ಬರೆದುಕೊಟ್ಟ ದುಬಾರಿ ಆಹಾರ ತಂದೆವು. ಬೆಕ್ಕು ಮೂಸಿ ಹೋಗುತ್ತದೆ, ಎರಡು ದಿನದಿಂದ ಏನೂ ತಿಂದಿಲ್ಲ. ಹಸಿವಾದರೆ ತಾನೇ ತಿನ್ನುತ್ತದೆ ಅಂತ ಬಿಟ್ಟಿದ್ದೇವೆ. ಸರಿಯೇ?
(ಕುಮಟಾ)

ಉತ್ತರ: ಸರಿಯಲ್ಲ. ನಾಯಿಯ ಹಟಕ್ಕೆ ಈ ಮಾತು ನಡೆಯಬಹುದು, ಬೆಕ್ಕಿಗೆ ಇದು ಜೀವಕ್ಕೇ ಬರುತ್ತದೆ. ಊಟ ಬಿಟ್ಟ ಬೆಕ್ಕಿನ ಮೈ ಕೊಬ್ಬನ್ನು ಕರಗಿಸಿ ಲಿವರ್‌ಗೆ ತುಂಬುತ್ತದೆ, ಲಿವರ್ ಅದನ್ನು ತಡೆದುಕೊಳ್ಳಲಾರದು. ದಪ್ಪ ಬೆಕ್ಕಿಗೆ ಅಪಾಯ ಜಾಸ್ತಿ. ಈಗಲೇ ಹಳೆಯ ಊಟ ಹಾಕಿ, ತಿನ್ನಲಿ. ಪಥ್ಯವನ್ನು ಆಮೇಲೆ ನೋಡೋಣ. ತಿಂದರೆ ನಾಳೆಯಿಂದ ಹಳೆಯದಕ್ಕೆ ಹೊಸದನ್ನು ಒಂದು ಚಮಚ ಬೆರೆಸುತ್ತಾ, ಏಳರಿಂದ ಹತ್ತು ದಿನದಲ್ಲಿ ಪೂರ್ತಿ ಬದಲಿಸಿ. ಬಿಸಿನೀರು ಚಿಮುಕಿಸಿ ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕು ತಿನ್ನುವುದು ಮೂಗಿನಿಂದಲೇ. ಎಂಟು ವಾರದ ಲೆಕ್ಕ ಶುರುವಾಗುವುದು ಹಳೆಯದು ಪೂರ್ತಿ ನಿಂತ ದಿನದಿಂದ.

ಹಳೆಯ ಊಟವನ್ನೂ ಮುಟ್ಟದಿದ್ದರೆ ಕಿವಿಯ ಒಳಭಾಗ ಮತ್ತು ಒಸಡು ನೋಡಿ. ಹಳದಿ ಕಾಣಲಿ, ಕಾಣದಿರಲಿ, ಬೆಳಗಾಗಲಿ ಅಂತ ಕಾಯಬೇಡಿ. ಇವತ್ತೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.