ಕಿವಿಯಲ್ಲಿ ಇಯರ್‌ಫೋನ್, ಎದುರಿಗೆ ಬ್ಯಾಂಕಿನ ಸಾಲು

"ಕ್ಯಾಮೆರಾ ಆನ್ ಮಾಡಲೇಬೇಕಾ ಮೇಡಂ?"

ನಾನು ಮಾತಿನ ಚಿಕಿತ್ಸೆ ಕೊಡುವವಳು. ಆನ್‌ಲೈನ್ ಚಿಕಿತ್ಸೆಗೆ ಬಂದ ಒಬ್ಬರು ನನ್ನ ಹತ್ತಿರ ಆಡಿದ ಮೊದಲ ಮಾತು ಇದು. ಬೇಡ, ನಿಮಗೆ ಬೇಕು ಅನ್ನಿಸಿದ ದಿನ ಆನ್ ಮಾಡಿ ಎಂದೆ. ಮೂರು ವಾರ ಒಂದು ಕಪ್ಪು ಚೌಕದ ಜೊತೆಗೇ ಮಾತಾಡಿದೆ.

ವಯಸ್ಸು ನಲವತ್ತು ದಾಟಿತ್ತು. ಮನೆಯಿಂದಲೇ ಲೆಕ್ಕಪತ್ರದ ಕೆಲಸ. ಇರುವುದು ಒಬ್ಬರೇ, ಅಕ್ಕ ಬೇರೆ ಊರಿನಲ್ಲಿ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.) ಹನ್ನೊಂದು ವರ್ಷದಿಂದ ಆತಂಕ, ಅದರ ಬೆನ್ನಿಗೇ ಖಿನ್ನತೆ. "ಇದು ಕಾಯಿಲೆ ಅಲ್ಲ ಮೇಡಂ, ನನ್ನ ಸ್ವಭಾವವೇ ಹೀಗೆ" ಎಂದು ನಂಬಿದ್ದರು. ಬಹಳ ವರ್ಷ ನರಳಿದ ಎಷ್ಟೋ ಜನರ ಬಾಯಲ್ಲಿ ಈ ಮಾತು ಕೇಳಿದ್ದೇನೆ. ದೊಡ್ಡವರಲ್ಲಿ ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ ಕಾಲ, ಹೆಚ್ಚಿನ ದಿನಗಳಲ್ಲಿ ಮನಸ್ಸು ಕುಗ್ಗಿಯೇ ಇದ್ದರೆ ವೈದ್ಯರು ಅದನ್ನು ದೀರ್ಘಕಾಲದ ಖಿನ್ನತೆ ಎಂದು ಗುರುತಿಸುತ್ತಾರೆ. ಅಷ್ಟು ದಿನ ಜೊತೆಗಿದ್ದದ್ದು ಸ್ವಭಾವದ ಹಾಗೇ ಕಾಣುತ್ತದೆ, ಅಲ್ವಾ? ಅದಕ್ಕೂ ಮೊದಲು ತಾನು ಹೇಗಿದ್ದೆ ಅನ್ನುವುದೇ ಮರೆತುಹೋಗಿರುತ್ತದೆ.

ಆನ್‌ಲೈನ್‌ನಲ್ಲಿ ಕೆಲವು ಮಾತು ಮೊದಲೇ ಆಗಿಬಿಡಬೇಕು. ಈಗ ಎಲ್ಲಿ ಕೂತಿದ್ದೀರಿ? ಪೂರ್ತಿ ವಿಳಾಸ ಹೇಳಿ. ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರಾ? ತುರ್ತು ಬಂದರೆ ನಾನು ಯಾರಿಗೆ ಫೋನ್ ಮಾಡಲಿ? ನೆಟ್‌ವರ್ಕ್ ಹೋದರೆ ಯಾರು ಯಾರಿಗೆ ಕರೆ ಮಾಡುವುದು? ಅವರು ಅಕ್ಕನ ನಂಬರ್ ಕೊಟ್ಟರು. ಲೈನ್ ಕಡಿದರೆ ಒಂದು ನಿಮಿಷದೊಳಗೆ ನಾನೇ ಮಾಮೂಲಿ ಫೋನಿಗೆ ಕರೆ ಮಾಡುತ್ತೇನೆ ಎಂದೆ. ಎಲ್ಲಿದ್ದೀರಿ ಎಂಬ ಪ್ರಶ್ನೆಯನ್ನು ಪ್ರತಿ ಸೆಷನ್ನಿನಲ್ಲೂ ಕೇಳುತ್ತೇನೆ. ಮನುಷ್ಯ ಎಲ್ಲಿದ್ದಾನೆ ಅಂತ ಗೊತ್ತಿಲ್ಲದಿದ್ದರೆ ಕಷ್ಟದ ಹೊತ್ತಿನಲ್ಲಿ ನಾನು ಯಾರನ್ನೂ ಕಳಿಸಲಾರೆ.

ಎರಡು ಪ್ರಶ್ನಾವಳಿ ತುಂಬಿಸಿದೆ. ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7. ಎರಡೂ ಹಿಂದಿನ ಎರಡು ವಾರ ಹೇಗಿತ್ತು ಎಂದು ಕೇಳುತ್ತವೆ. ಮೊದಲನೆಯದರಲ್ಲಿ 27ಕ್ಕೆ 17 ಬಂತು, ಎರಡನೆಯದರಲ್ಲಿ 21ಕ್ಕೆ 15. ಎರಡೂ ಜಾಸ್ತಿಯೇ. ಆದರೆ ನಾನು ಮೊದಲು ನೋಡುವುದು ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆಯನ್ನು. ಸತ್ತರೆ ಚೆನ್ನಾಗಿತ್ತು ಅನ್ನಿಸಿದೆಯಾ, ನಿಮಗೆ ನೀವೇ ನೋವು ಮಾಡಿಕೊಳ್ಳಬೇಕು ಅನ್ನಿಸಿದೆಯಾ ಎಂದು ಕೇಳುವ ಪ್ರಶ್ನೆ ಅದು. 'ಕೆಲವು ದಿನ' ಎಂದು ಗುರುತು ಹಾಕಿದ್ದರು. ನೇರವಾಗಿಯೇ ಕೇಳಿದೆ. "ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಸಾಕು ಅನ್ನಿಸುತ್ತೆ. ಆದರೆ ಏನೂ ಮಾಡಿಕೊಳ್ಳಲ್ಲ ಮೇಡಂ" ಎಂದರು. ಯೋಚನೆ ಇತ್ತು, ಯೋಜನೆ ಇರಲಿಲ್ಲ. ಆ ಯೋಚನೆ ಬಲವಾದರೆ ಮೊದಲು ಏನು ಮಾಡುವುದು, ಯಾರಿಗೆ ಫೋನ್ ಮಾಡುವುದು ಎಂದು ಅವತ್ತೇ ಕೂತು ಬರೆದೆವು. ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಎದೆ ಹಗುರಾಗುವುದನ್ನೇ ನಾನು ಕಂಡಿದ್ದೇನೆ.

ಇದಕ್ಕೂ ಮೊದಲು ಅವರು ಒಂದು ಆ್ಯಪ್ ಪ್ರಯತ್ನಿಸಿದ್ದರು. ಓದಿಕೊಂಡು ತಾವೇ ಅಭ್ಯಾಸ ಮಾಡುವ ಪಾಠಗಳು. ಮೂರನೇ ಪಾಠಕ್ಕೆ ನಿಲ್ಲಿಸಿ, "ನನಗೆ ಯಾವುದೂ ಆಗಿಬರಲ್ಲ" ಎಂದು ತೀರ್ಮಾನ ಮಾಡಿಕೊಂಡಿದ್ದರು. ಇದು ನನಗೆ ತುಂಬಾ ಬೇಸರ ತರುವ ಸಂಗತಿ. ಯಾರ ಜೊತೆಯೂ ಇಲ್ಲದೆ ಒಬ್ಬರೇ ಮಾಡುವ ಆನ್‌ಲೈನ್ ಪಾಠಗಳನ್ನು ಅರ್ಧಕ್ಕೆ ಬಿಡುವವರು ಬಹಳ. ವಾರಕ್ಕೊಮ್ಮೆಯಾದರೂ ವಿಚಾರಿಸುವ ಒಬ್ಬ ಮನುಷ್ಯ ಇದ್ದಾಗ ಫಲಿತಾಂಶ ಚೆನ್ನಾಗಿರುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಶುರು ಮಾಡುವ ಶಕ್ತಿಯನ್ನು. ಅಂಥವರ ಕೈಗೆ ಪಾಠ ಕೊಟ್ಟು ಒಬ್ಬರೇ ಮುಗಿಸಿ ಎಂದರೆ ಹೇಗೆ? ಸೋತದ್ದು ನೀವಲ್ಲ, ಆ ವಿಧಾನ ಈ ಹೊತ್ತಿಗೆ ನಿಮಗೆ ಸಾಲಲಿಲ್ಲ, ಅಷ್ಟೇ ಎಂದೆ.

ಮಾತ್ರೆಯ ವಿಷಯ. ಹಿಂದೆ ಎರಡು ಸಲ ಶುರು ಮಾಡಿ, ಸ್ವಲ್ಪ ಸುಧಾರಿಸಿದ ಕೂಡಲೇ ತಾವೇ ನಿಲ್ಲಿಸಿದ್ದರು. ನಾನು ವೈದ್ಯೆ ಅಲ್ಲ, ಹಾಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ ಇದ್ದರೂ ಸುಸ್ತು, ಮಂಕು ಇರುತ್ತದೆ. ಅದನ್ನೂ ಪರೀಕ್ಷೆ ಮಾಡಿಸಿದರು, ಎಲ್ಲಾ ಸರಿ ಇತ್ತು. ಮಾತ್ರೆ ಮತ್ತೆ ಶುರುವಾಯಿತು. ಬರೀ ಮಾತುಕತೆ ಸಾಲದಾ ಎಂದು ಕೇಳಿದರು. ದೀರ್ಘಕಾಲದ ಖಿನ್ನತೆ ಇದ್ದ 681 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2000ರಲ್ಲಿ ಪ್ರಕಟವಾಗಿತ್ತು. ಅದರ ಬಗ್ಗೆ ಹೇಳಿದೆ. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 48 ಜನ ಸುಧಾರಿಸಿದ್ದರು. ಬರೀ ಮಾತಿನ ಚಿಕಿತ್ಸೆ ಪಡೆದವರಲ್ಲೂ ಶೇ. 48. ಎರಡೂ ಪಡೆದವರಲ್ಲಿ ಶೇ. 73. ಅದು ಎದುರುಬದುರು ಕೂತು ಮಾಡಿದ ಚಿಕಿತ್ಸೆ, ಆದರೆ ಎರಡನ್ನೂ ಜೊತೆಯಾಗಿ ನಡೆಸುವ ಮಾತು ನಮಗೂ ಅನ್ವಯಿಸುತ್ತದೆ ಎಂದು ನನಗನ್ನಿಸಿತು. ಅವರು ಒಪ್ಪಿದರು.

ನಾವು ಹಿಡಿದದ್ದು ಸಿಬಿಟಿ ದಾರಿ. ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ನೋಡುವ ವಿಧಾನ. ಮೊದಲ ಮನೆಗೆಲಸ ಚಿಕ್ಕದು. ಅವರಿಗೆ ಮೊದಲು ಹಳೆಯ ಗಡಿಯಾರ ಬಿಚ್ಚಿ ರಿಪೇರಿ ಮಾಡುವ ಹವ್ಯಾಸ ಇತ್ತು. ಪೆಟ್ಟಿಗೆ ಅಟ್ಟ ಸೇರಿ ವರ್ಷಗಳಾಗಿದ್ದವು. ದಿನಕ್ಕೆ ಹತ್ತೇ ನಿಮಿಷ ಅದನ್ನು ತೆರೆದು ಕೂರಿ ಎಂದೆ. "ಮನಸ್ಸೇ ಇಲ್ಲ ಮೇಡಂ." ಮನಸ್ಸು ಬರಲಿ ಅಂತ ಕಾಯಬೇಡಿ, ಕೈ ಮೊದಲು ಹೋಗಲಿ, ಮನಸ್ಸು ಹಿಂದೆ ಬರುತ್ತದೆ ಎಂದೆ. ಜೊತೆಗೆ ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿದೆವು. ಸಂಜೆ ಆರಕ್ಕೆ ಇಪ್ಪತ್ತು ನಿಮಿಷ, ಒಂದೇ ಕುರ್ಚಿಯಲ್ಲಿ, ಮಲಗುವ ಕೋಣೆಯಲ್ಲಂತೂ ಬೇಡ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು ಆರು ಗಂಟೆಗೆ ಮುಂದೂಡುವುದು. ಆರಕ್ಕೆ ಆ ಚೀಟಿ ನೋಡಿದಾಗ ಅರ್ಧದಷ್ಟು ಚಿಂತೆಗಳ ಬಿಸಿ ಆರಿರುತ್ತಿತ್ತು.

ನಾಲ್ಕನೇ ವಾರ ತಾವಾಗಿಯೇ ಕ್ಯಾಮೆರಾ ಆನ್ ಮಾಡಿದರು. ತಮ್ಮ ಮುಖ ತಮಗೇ ಕಾಣುತ್ತಿದ್ದದ್ದು ಅವರಿಗೆ ಹಿಂಸೆಯಾಗುತ್ತಿತ್ತು. ಅದನ್ನು ಮರೆಮಾಡುವ ಸೆಟ್ಟಿಂಗ್ ತೋರಿಸಿದೆ.

ಆರನೇ ವಾರಕ್ಕೆ ಖಿನ್ನತೆಯ ಅಂಕ 17ರಿಂದ 12ಕ್ಕೆ ಇಳಿಯಿತು. ಅಲ್ಲೇ ನಿಂತಿತು. ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ರಾತ್ರಿ ಹನ್ನೊಂದಕ್ಕೆ ಅವರ ಮೆಸೇಜ್ ಬರುತ್ತಿತ್ತು. "ಮೇಡಂ, ನಾನು ಸರಿ ಇದ್ದೀನಿ ತಾನೆ?" ನಾನು ಉತ್ತರ ಕೊಡುತ್ತಿದ್ದೆ. ಪಾಪ, ನಿದ್ದೆ ಬರಲಿ ಅಂತ. ಆ ಉತ್ತರ ಒಂದು ರಾತ್ರಿಗೆ ಸಾಲುತ್ತಿತ್ತು, ಮರುದಿನ ಅನುಮಾನ ಇನ್ನೂ ದೊಡ್ಡದಾಗಿ ಬರುತ್ತಿತ್ತು. ಧೈರ್ಯದ ಮಾತನ್ನು ಹೊರಗಿನಿಂದ ತಂದುಕೊಡುತ್ತಾ ನಾನು ಅವರ ಆತಂಕಕ್ಕೇ ಕೈಜೋಡಿಸಿದ್ದೆ. ಮೂರು ವಾರ ಹಾಗೇ ಹೋಯಿತು.

ಇನ್ನೊಂದು ಮಾತು ನನ್ನನ್ನು ಎಚ್ಚರಿಸಿತು. "ಈಗ ಹೊರಗೆ ಹೋಗೋ ಕಾರಣವೇ ಇಲ್ಲ ಮೇಡಂ. ಕೆಲಸ ಇಲ್ಲೇ, ನೀವೂ ಇಲ್ಲೇ ಸಿಗ್ತೀರಿ." ಖುಷಿಯಿಂದಲೇ ಹೇಳಿದ್ದರು. ನನಗೆ ಎದೆ ಧಸಕ್ಕೆಂದಿತು. ಹೊರಗೆ ಹೋಗಲು ಹೆದರುವವರಿಗೆ ಆನ್‌ಲೈನ್ ಚಿಕಿತ್ಸೆ ಬಾಗಿಲು ತೆರೆಯುತ್ತದೆ, ನಿಜ. ಕ್ಲಿನಿಕ್ಕಿಗೆ ಬರಬೇಕಿದ್ದರೆ ಅವರು ಬರುತ್ತಲೇ ಇರಲಿಲ್ಲ. ಆದರೆ ಅದೇ ಚಿಕಿತ್ಸೆ ಅಡಗಿಕೊಳ್ಳುವ ಮೂಲೆಯೂ ಆಗಬಹುದು. ನಾವು ಅದನ್ನು ಮೂಲೆ ಮಾಡಿಕೊಂಡಿದ್ದೆವು.

ಇಬ್ಬರೂ ಮುಚ್ಚುಮರೆ ಇಲ್ಲದೆ ಮಾತಾಡಿದೆವು. ಮೆಸೇಜ್ ಇನ್ನು ಸೆಷನ್ನಿನ ಸಮಯ ಗೊತ್ತು ಮಾಡಿಕೊಳ್ಳಲು ಮಾತ್ರ. ಕೇಳಲೇಬೇಕು ಅನ್ನಿಸಿದರೆ ನೋಟ್‌ಬುಕ್ಕಿನಲ್ಲಿ ಬರೆದು ಇಪ್ಪತ್ತು ನಿಮಿಷ ಕಾಯುವುದು. ಸಾಯುವ ಯೋಚನೆ ಬಲವಾದರೆ ಮಾತ್ರ ಕಾಯುವಂತಿಲ್ಲ, ಬರೆದಿಟ್ಟ ನಂಬರುಗಳಿಗೆ ಆಗಲೇ ಫೋನ್. ಮತ್ತೆ, ಮುಂದಿನ ಸೆಷನ್ ಮನೆಯಲ್ಲಿ ಬೇಡ.

ಮೊದಲ ವಾರ ಬೀದಿಯ ಕೊನೆಯವರೆಗೆ ನಡೆದರು, ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ನಾನು. ಎರಡು ವಾರದ ಮೇಲೆ ಬ್ಯಾಂಕ್. ಎಷ್ಟೋ ವರ್ಷದಿಂದ ಅವರು ತಪ್ಪಿಸುತ್ತಿದ್ದ ಜಾಗ. ಒಳಗೆ ಹೋಗುವ ಮೊದಲು ಏನಾಗುತ್ತೆ ಅನ್ನಿಸುತ್ತಿದೆ ಎಂದು ಕೇಳಿದೆ. "ಕೈ ನಡುಗುತ್ತೆ. ಸಹಿ ತಪ್ಪುತ್ತೆ. ಎಲ್ಲರೂ ನೋಡ್ತಾರೆ." ಭಯ ನೂರಕ್ಕೆ 85. ಸಾಲಿನಲ್ಲಿ ನಿಂತಿದ್ದಾಗ ನಾನು ಹೆಚ್ಚು ಮಾತಾಡಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಈಗ ಏನು ಕಾಣುತ್ತಿದೆ ಎಂದು ಒಂದೆರಡು ಸಲ ಕೇಳಿದೆ, ಅಷ್ಟೇ. ಹೊರಗೆ ಬಂದು ಉಸಿರುಬಿಟ್ಟರು. ಕೈ ನಡುಗಿತ್ತು. ಸಹಿ ಸರಿಯಾಗಿತ್ತು. ಹಿಂದೆ ನಿಂತವರು ತಮ್ಮ ಫೋನ್ ನೋಡುತ್ತಿದ್ದರಂತೆ. ಭಯ 50. ಸೊನ್ನೆ ಆಗಲಿಲ್ಲ, ಆಗಬೇಕೆಂದೂ ಇರಲಿಲ್ಲ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರವನ್ನು ಅವರು ಕಣ್ಣಾರೆ ಕಂಡರು. ಮುಂದಿನ ಸಲ ಇಯರ್‌ಫೋನ್ ಇಲ್ಲದೆ ಒಬ್ಬರೇ ಹೋದರು. ನನ್ನ ಕೋಣೆಯಲ್ಲಿ ಕೂತು ಮಾಡುವ ಚಿಕಿತ್ಸೆಯಲ್ಲಿ ನಾನು ಆ ಸಾಲಿನಲ್ಲಿ ಇರುತ್ತಿರಲಿಲ್ಲ. ಇದು ಆನ್‌ಲೈನ್ ಕೊಟ್ಟ ದೊಡ್ಡ ಅನುಕೂಲ ಎಂದು ಈಗಲೂ ಅನ್ನಿಸುತ್ತದೆ.

ಹನ್ನೊಂದನೇ ವಾರ ಕೆಟ್ಟದಾಗಿತ್ತು. ತೀರಿಕೊಂಡ ಅಪ್ಪನ ಬಗ್ಗೆ ಹೇಳುತ್ತಾ ಅಳುತ್ತಿದ್ದರು. ಆಗಲೇ ಲೈನ್ ಕಡಿಯಿತು. ಕೂಡಲೇ ಫೋನ್ ಮಾಡಿದೆ. ಬಹಳ ದಿನದ ನಂತರ ಹೇಳಿದರು, "ಅವತ್ತು ನೀವು ಕರೆ ಮಾಡ್ತೀರಿ ಅಂತ ನಾನು ನಂಬಿರಲಿಲ್ಲ."

ಓದುವವರಲ್ಲಿ ಇಂಥ ಚಿಕಿತ್ಸೆ ಹುಡುಕುತ್ತಿರುವವರು ಇದ್ದರೆ, ಮೊದಲ ದಿನವೇ ಕೇಳಿ. ನಿಮ್ಮ ತರಬೇತಿ ಏನು? ನನ್ನ ಮಾತು ರೆಕಾರ್ಡ್ ಆಗುತ್ತದಾ? ತುರ್ತಿನಲ್ಲಿ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆಯವರನ್ನು ನೋಡಿ. ಸಾಯುವ ಯೋಜನೆಯೇ ಮನಸ್ಸಿನಲ್ಲಿ ಇದ್ದರೆ ಸ್ಕ್ರೀನಿಗಾಗಿ ಕಾಯಬೇಡಿ, ಈಗಲೇ ಹತ್ತಿರದವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಇಲ್ಲದ ದನಿ ಕೇಳಿಸುತ್ತಿದ್ದರೆ, ಹಲವು ದಿನ ನಿದ್ದೆಯೇ ಇಲ್ಲದೆಯೂ ವಿಪರೀತ ಹುರುಪು ಇದ್ದರೆ, ಮನೋವೈದ್ಯರನ್ನು ಎದುರಿಗೇ ಕಾಣಬೇಕು. ಮನೆಯಲ್ಲಿ ಹೊಡೆಯುವವರು, ಕದ್ದು ಕೇಳುವವರು ಇದ್ದರೆ ಮನೆಯಿಂದ ಮಾತಾಡುವುದು ಸುರಕ್ಷಿತ ಅಲ್ಲ. ಸುಧಾರಿಸಿತು ಎಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಹದಿನಾರನೇ ಸೆಷನ್ನಿನಲ್ಲಿ ಅವರ ಖಿನ್ನತೆಯ ಅಂಕ 7, ಆತಂಕದ್ದು 8. ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಈಗ ತಿಂಗಳಿಗೊಮ್ಮೆ ಸಿಗುತ್ತೇವೆ, ಮಾತ್ರೆ ಮುಂದುವರಿದಿದೆ. ಮತ್ತೆ ಕುಸಿಯುವ ಮೊದಲು ಏನೇನು ಕಾಣುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ ಎಂದಿದ್ದೆ. ಮೂರು ಸಾಲು ಬರೆದರು. ಅಕ್ಕನ ಫೋನ್ ಎತ್ತದೇ ಇರುವುದು. ರಾತ್ರಿ ಮೆಸೇಜ್ ಮಾಡಬೇಕು ಅನ್ನಿಸುವುದು. ಗಡಿಯಾರದ ಪೆಟ್ಟಿಗೆ ತೆರೆಯದೆ ಒಂದು ವಾರ ಕಳೆಯುವುದು. ಹಾಳೆಯ ಫೋಟೋ ತೆಗೆದು ಅಕ್ಕನಿಗೂ ಕಳಿಸಿದ್ದಾರೆ.