ಹಲ್ಲಿನ ಮಾತು: ಎತ್ತರ ಇದೆ, ಅಗಲ ನೋಡಿದ್ದಾರಾ?

ಪ್ರಶ್ನೆ: ನನಗೆ 46 ವರ್ಷ. ಕೆಳಗಿನ ಬಲಗಡೆ ದವಡೆಹಲ್ಲು ಕೀಳಿಸಿ ಎರಡು ವರ್ಷವಾಯಿತು. ಕಡಕ್ ರೊಟ್ಟಿಯನ್ನು ಒಂದೇ ಬದಿಯಲ್ಲಿ ಅಗಿಯುತ್ತೇನೆ. ಇಂಪ್ಲಾಂಟ್‌ಗೆಂದು (ಎಲುಬಿನೊಳಗೆ ಕೂರಿಸುವ ಕೃತಕ ಹಲ್ಲಿನ ಬೇರು) ಕಲಬುರಗಿಗೆ ಬಂದಿದ್ದೆ. ಡಾಕ್ಟರು ಇಡೀ ದವಡೆಯ ಒಪಿಜಿ ಎಕ್ಸ್‌ರೇ ನೋಡಿ ದವಡೆ ಎಲುಬಿನ ಎತ್ತರ ಚೆನ್ನಾಗಿದೆ ಎಂದರು. ಆದರೂ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕಂತೆ. ಸುಮ್ನೆ ಖರ್ಚು ಅಲ್ವಾ?
– ಓದುಗರು, ಶಹಾಪುರ

ಉತ್ತರ: ಖರ್ಚು ಹೌದು, ಆದರೆ ಸುಮ್ನೆ ಅಲ್ಲ. ಗೋಡೆಗೆ ಒರಗಿಸಿಟ್ಟ ಶಹಾಬಾದ್ ಫರ್ಸಿಯನ್ನು ಎದುರು ನಿಂತು ನೋಡಿ. ಉದ್ದ, ಎತ್ತರ ಕಾಣುತ್ತವೆ. ದಪ್ಪ ಒಂದಿಂಚೋ ಎರಡಿಂಚೋ ತಿಳಿಯಲು ಅಂಚಿನ ಕಡೆ ಹೋಗಬೇಕು. ಒಪಿಜಿ ಆ ಎದುರಿನ ನೋಟ. ಕೆನ್ನೆಯ ಬದಿಯಿಂದ ನಾಲಿಗೆಯ ಬದಿಗೆ ಎಲುಬು ಎಷ್ಟು ಅಗಲ ಎಂದು ಅದು ಹೇಳುವುದೇ ಇಲ್ಲ. ಎತ್ತರವನ್ನೂ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ.

ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಆಳಂದ ಕಡೆಯ ಒಬ್ಬ ತಾಯಿ ಬಂದಿದ್ದರು. ಒಪಿಜಿ ನೋಡಿದೆ, ಬೆರಳಿಂದ ಒತ್ತಿ ನೋಡಿದೆ, ದಪ್ಪ ಇದೆ ಅನಿಸಿತು. ವಸಡು ಬಿಡಿಸಿದರೆ ಒಳಗೆ ಎಲುಬು ಕುಡಗೋಲಿನ ಅಂಚಿನಂತಿತ್ತು. ದಪ್ಪ ಇದ್ದದ್ದು ವಸಡು ಮಾತ್ರ. ಏನೂ ಕೂರಿಸದೆ ಹೊಲಿಗೆ ಹಾಕಿದೆ. "ಇದು ಮೊದಲೇ ನೋಡಬಾರದಿತ್ತೇನ್ರಿ?" ಎಂದರು. ಅವರ ಮಾತು ಸರಿಯಾಗಿತ್ತು. ಆಮೇಲೆ ಅಗಲ ಅಳೆಯದೆ ನಾನು ಬ್ಲೇಡ್ ಹಿಡಿದಿಲ್ಲ.

ಹಲ್ಲು ಹೋದ ಮೇಲೆ ಎಲುಬು ಸವೆಯುತ್ತದೆ. ಎತ್ತರಕ್ಕಿಂತ ಅಗಲ ಬೇಗ ಕರಗುತ್ತದೆ, ಅದೂ ಹೊರಬದಿಯಲ್ಲಿ. ಒಂದೇ ವರ್ಷದಲ್ಲಿ ಸುಮಾರು ಅರ್ಧ ಅಗಲ ಹೋಗಬಹುದು. ನಿಮಗೆ ಎರಡು ವರ್ಷ ಆಗಿದೆ. 4 ಮಿಲಿಮೀಟರ್ ಇಂಪ್ಲಾಂಟ್ ಅಂದುಕೊಳ್ಳಿ. ಅದರ ಎರಡೂ ಬದಿಗೆ ಒಂದರಿಂದ ಒಂದೂವರೆ ಮಿಲಿಮೀಟರ್ ಎಲುಬು ಉಳಿಯಬೇಕು. ಅಂದರೆ ಆರೇಳು ಮಿಲಿಮೀಟರ್ ಅಗಲ ಬೇಕಾಯಿತು.

ಕೆಳದವಡೆಯಲ್ಲಿ ಇನ್ನೊಂದು ಚಿಂತೆ ಇದೆ. ಒಳಗೆ ತುಟಿಗೆ ಹೋಗುವ ನರ ಇದೆ. ಇಂಪ್ಲಾಂಟ್ ತುದಿ ಅದರಿಂದ ಕನಿಷ್ಠ 2 ಮಿಲಿಮೀಟರ್ ದೂರ ಇರಬೇಕು. ಇಲ್ಲವಾದರೆ ತುಟಿ ಜೋಮು ಹಿಡಿದು ಹಾಗೇ ಉಳಿಯಬಹುದು. ನಾಲಿಗೆ ಬದಿಯಲ್ಲಿ ಎಲುಬು ಒಳಕ್ಕೆ ತಗ್ಗಾಗಿರುತ್ತದೆ, ಡ್ರಿಲ್ ಅಲ್ಲಿಂದ ಹೊರಗೆ ಬಂದರೆ ರಕ್ತಸ್ರಾವದ ಅಪಾಯ. ಇದೆಲ್ಲ ಸಿಬಿಸಿಟಿಯ ಅಡ್ಡಸೀಳು ಚಿತ್ರದಲ್ಲಿ ಕಾಣುತ್ತದೆ.

ವಿಕಿರಣದ ಭಯವಿದ್ದರೆ, ಬೇಕಾದ ಭಾಗಕ್ಕಷ್ಟೇ ಸಣ್ಣ ಸ್ಕ್ಯಾನ್ ಸಾಕಾ ಎಂದು ಕೇಳಿ. ಸಿಬಿಸಿಟಿಯ ವಿಕಿರಣ ಒಪಿಜಿಗಿಂತ ಜಾಸ್ತಿ, ಆಸ್ಪತ್ರೆಯ ಸಿಟಿ ಸ್ಕ್ಯಾನ್‌ಗಿಂತ ಸಾಮಾನ್ಯವಾಗಿ ಕಡಿಮೆ. ಅಗಲ ಕಡಿಮೆ ಬಂದರೂ ಎದೆಗುಂದಬೇಡಿ. ಸಪೂರ ಇಂಪ್ಲಾಂಟ್ ಆಗುತ್ತದಾ ನೋಡುತ್ತಾರೆ, ಇಲ್ಲವೇ ಎಲುಬು ಕಸಿ ಮಾಡಿ ನಾಲ್ಕಾರು ತಿಂಗಳು ಕಾಯುತ್ತಾರೆ. ಡಾಕ್ಟರಿಗೆ ಅಳತೆಯನ್ನು ಪರದೆಯ ಮೇಲೆ ತೋರಿಸಲು ಹೇಳಿ. ಸ್ಕ್ಯಾನ್ ಸಿಡಿ ಕೇಳಿ ಪಡೆದುಕೊಳ್ಳಿ. ಬೇರೆ ಕಡೆ ಹೋದರೂ ಅದನ್ನೇ ತೋರಿಸಬಹುದು.